ಶೇಪರ್‌ಗೆ ಪವರ್ ಫೀಡರ್: ಕೇಳಿದ್ದೆಲ್ಲ ನಿಜವಲ್ಲ

ಮನೆಯಲ್ಲೇ ಶೇಪರ್ ಇಟ್ಟುಕೊಂಡು ಬಾಗಿಲ ಪಟ್ಟಿ, ಬೀಡಿಂಗ್ ಮಾಡಿಕೊಳ್ಳುವವರು ಮರವನ್ನು ಚಕ್ರಗಳಿಂದ ತಾನೇ ತಳ್ಳಿಕೊಡುವ ಫೀಡರ್ ವಿಷಯ ಎತ್ತಿದರೆ ಸಾಕು, ‘ನಾಲ್ಕು ಬಾಗಿಲಿಗೆ ಅದೆಲ್ಲ ಯಾಕೆ? ಅದು ಫ್ಯಾಕ್ಟರಿಯವರ ಸಾಮಾನು’ ಎನ್ನುವವರು ಸಿಗುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಫ್ಯಾಕ್ಟರಿಯವರು ಫೀಡರನ್ನು ಕೆಲಸ ಬೇಗ ಸಾಗಲೆಂದು ತಂದಿರಬಹುದು. ಮನೆಯಲ್ಲಿ ಅದರ ಮೊದಲ ಕೆಲಸ ಬೆರಳು ಕಾಯುವುದು. 100 ಮಿ.ಮೀ. ವ್ಯಾಸದ ಕಟರ್ ನಿಮಿಷಕ್ಕೆ 7,000 ಸುತ್ತು ತಿರುಗಿದರೆ ಅದರ ಅಲಗಿನ ತುದಿ ಗಂಟೆಗೆ 130 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಗಂಟು ಸಿಕ್ಕಿ ಮರ ಹಿಂದಕ್ಕೆ ಎಗರಿದಾಗ ಕೈ ಹಿಂತೆಗೆದುಕೊಳ್ಳುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಯುರೋಪಿನ ಇಎನ್ 847-1 ಮಾನದಂಡ ಇದನ್ನು ಕಟರ್ ಮೇಲೆಯೇ ಕೆತ್ತಿಸುತ್ತದೆ: ಕೈಯಿಂದ ಮರ ತಳ್ಳಬಹುದಾದದ್ದಕ್ಕೆ ‘ಮ್ಯಾನ್’, ಯಂತ್ರವೇ ತಳ್ಳಬೇಕಾದದ್ದಕ್ಕೆ ‘ಮೆಕ್’. ‘ಮೆಕ್’ ಗುರುತಿನ ಕಟರ್ ಹಾಕಿ ಕೈಯಲ್ಲಿ ಮರ ತಳ್ಳುವ ಧೈರ್ಯ ಯಾರೂ ಮಾಡಬಾರದು.

ಇದಕ್ಕೆ ನೇರ ವಿರುದ್ಧವಾದ ನಂಬಿಕೆಯೂ ಅಷ್ಟೇ ಅಪಾಯಕಾರಿ. ಫೀಡರ್ ಬಂದ ಮೇಲೆ ಗಾರ್ಡ್ ಬೇಡ, ಮರವನ್ನು ಯಾವ ದಿಕ್ಕಿನಿಂದ ಕೊಟ್ಟರೂ ಆಗುತ್ತದೆ ಎಂಬುದು ಅದು. ಮರ ಯಾವಾಗಲೂ ಕಟರ್ ತಿರುಗುವ ದಿಕ್ಕಿಗೆ ಎದುರಾಗಿಯೇ ಹೋಗಬೇಕು. ಎಳೆ ಕಿತ್ತುಬರುವ ಮರದಲ್ಲಿ ನುರಿತವರು ಕಟರ್ ಜೊತೆಗೇ ಮರ ಓಡಿಸುವುದುಂಟು. ಆದರೆ ಅದಕ್ಕೆ ಭಾರಿ ಫೀಡರ್, ಗಟ್ಟಿ ಹಿಡಿತ, ತೆಳು ಕಟ್ ಮೂರೂ ಬೇಕು. ಹಗುರ ಫೀಡರಿನ ಚಕ್ರ ಜಾರಿತೆಂದರೆ ಕಟರ್ ಮರವನ್ನು ಮುಂದಕ್ಕೆ ಕಿತ್ತೆಸೆಯುತ್ತದೆ. ಇನ್ನು ರಬ್ಬರ್ ಚಕ್ರ ಮತ್ತು ಮರದ ನಡುವೆ ಬೆರಳು ಸಿಕ್ಕಿಕೊಳ್ಳುವುದು ಕೈಯಲ್ಲಿ ತಳ್ಳುವಾಗ ಇಲ್ಲದಿದ್ದ ಹೊಸ ಅಪಾಯ.

ಅತಿ ಹೆಚ್ಚು ಜನ ಎಡವುವುದು ಫೀಡರ್ ಕೂರಿಸುವಾಗ. ಅದು ಫೆನ್ಸ್‌ಗೆ ಸರಿಯಾಗಿ ಸಮಾನಾಂತರವಾಗಿರಬೇಕು ಎಂದುಕೊಂಡು ಅಳತೆಪಟ್ಟಿ ಹಿಡಿದು ಹೊಂದಿಸುತ್ತಾರೆ. ಹಾಗಿಟ್ಟರೆ ಮರ ಫೆನ್ಸ್ ಬಿಟ್ಟು ಮೆಲ್ಲಗೆ ಸರಿಯುತ್ತದೆ, ಪಟ್ಟಿಯ ಉದ್ದಕ್ಕೂ ಕಟ್ಟಿನ ಆಳ ಏರುಪೇರಾಗುತ್ತದೆ. ಮರ ಹೊರಬರುವ ಬದಿಯ ಚಕ್ರ ಒಳಹೋಗುವ ಬದಿಗಿಂತ ಫೆನ್ಸ್‌ಗೆ ಸುಮಾರು 3 ಮಿ.ಮೀ. ಹತ್ತಿರವಿರಲಿ. ಆಗ ಚಕ್ರಗಳು ಮರವನ್ನು ಮುಂದೂಡುತ್ತಲೇ ಫೆನ್ಸ್‌ಗೂ ಒತ್ತುತ್ತವೆ. ಒತ್ತಡದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ: ಚಕ್ರ ಮರದ ಮೇಲ್ಮೈಗಿಂತ ಸುಮಾರು 3 ಮಿ.ಮೀ. ಕೆಳಗೆ ನಿಂತರೆ ಒಳಗಿನ ಸ್ಪ್ರಿಂಗ್ ಬೇಕಾದಷ್ಟು ಅದುಮುತ್ತದೆ. ಬಿಗಿದಷ್ಟೂ ಒಳ್ಳೆಯದೆಂದು ಇನ್ನೂ ಇಳಿಸಿದರೆ ಮೆದು ಮರದ ಮೇಲೆ ಚಕ್ರದ ಅಚ್ಚು ಮೂಡುತ್ತದೆ, ಮೋಟಾರ್ ತಿಣುಕುತ್ತದೆ. ಡೊಂಕು ಮರವನ್ನು ಫೀಡರ್ ಅದುಮಿ ನೆಟ್ಟಗೆ ಮಾಡುತ್ತದೆ ಎಂಬುದೂ ಸುಳ್ಳು. ಚಕ್ರದ ಕೆಳಗೆ ಚಪ್ಪಟೆಯಾಗಿ ಕಂಡದ್ದು ಹೊರಗೆ ಬಂದ ತಕ್ಷಣ ಮತ್ತೆ ಬಾಗುತ್ತದೆ.

‘ನಿಧಾನಕ್ಕೆ ಬಿಟ್ಟರೆ ನುಣುಪು ಬರುತ್ತದೆ’ ಎಂಬ ಮಾತು ಅರ್ಧ ಸತ್ಯ. 7,000 ಸುತ್ತಿನ ಎರಡು ಅಲಗಿನ ಕಟರ್‌ಗೆ ನಿಮಿಷಕ್ಕೆ 6 ಮೀಟರ್ ಮರ ಕೊಟ್ಟರೆ ಒಂದೊಂದು ಕಡಿತಕ್ಕೆ ಮರ 0.43 ಮಿ.ಮೀ. ಮುಂದೆ ಹೋಗುತ್ತದೆ. ಒಂದು ಅಲಗು ಕೂದಲೆಳೆಯಷ್ಟು ಹೆಚ್ಚು ಚಾಚಿದ್ದರೆ ಮೇಲ್ಮೈಯಲ್ಲಿ ಉಳಿಯುವುದು ಅದೊಂದರದೇ ಗುರುತು, 0.86 ಮಿ.ಮೀ.ಗೆ ಒಂದರಂತೆ. ವೇಗ ಇಳಿಸಿದರೆ ಗುರುತು ಹತ್ತಿರವಾಗುವುದು ನಿಜ. ತೀರಾ ಇಳಿಸಿದರೆ ಮಾತ್ರ ಅಲಗು ಮರವನ್ನು ಕೊಯ್ಯುವ ಬದಲು ತಿಕ್ಕತೊಡಗುತ್ತದೆ, ಅಂಚು ಸುಟ್ಟು ಕಪ್ಪಾಗುತ್ತದೆ, ಅಲಗೂ ಮೊಂಡಾಗುತ್ತದೆ. ಕೈಯಲ್ಲಿ ತಳ್ಳುವಾಗ ಹಿಡಿ ಬದಲಿಸಲು ಅರೆಕ್ಷಣ ನಿಂತಲ್ಲೆಲ್ಲ ಕಂದು ಕಲೆ ಬೀಳುವುದೂ ಇದೇ ಕಾರಣಕ್ಕೆ. ಫೀಡರಿನ ನಿಜವಾದ ಲಾಭ ಎಲ್ಲೂ ನಿಲ್ಲದ ಆ ಒಂದೇ ಸಮನಾದ ನಡೆ.

ಎಲ್ಲ ಕೆಲಸಕ್ಕೂ ಅದು ಒಗ್ಗುವುದಿಲ್ಲ. ಬಾಗಿದ ತುಂಡಿಗೆ ಬೇರಿಂಗ್, ಜಿಗ್, ಗಾರ್ಡ್ ಇಟ್ಟು ಕೈಯಲ್ಲೇ ಮಾಡಬೇಕು. ಎರಡು ಚಕ್ರಗಳ ನಡುವಿನ ಅಂತರಕ್ಕಿಂತ ಗಿಡ್ಡ ತುಂಡು ನಡುವೆಯೇ ಹಿಡಿತ ತಪ್ಪಿಸಿಕೊಳ್ಳುತ್ತದೆ. ಉದ್ದ ಹಲಗೆಗೇ ಮೋಲ್ಡಿಂಗ್ ಹೊಡೆದು ಆಮೇಲೆ ತುಂಡು ಮಾಡಿಕೊಂಡರೆ ಈ ತೊಂದರೆಯಿಲ್ಲ.

ಟೇಬಲ್‌ಗೆ ತೂತು ಕೊರೆದರೆ ಬೀಡುಕಬ್ಬಿಣ ಸೀಳುತ್ತದೆ ಎಂದು ಹೆದರುವವರಿದ್ದಾರೆ. ಬೀಡುಕಬ್ಬಿಣದಲ್ಲಿ ಡ್ರಿಲ್ ಸುಲಭವಾಗಿ ಇಳಿಯುತ್ತದೆ. ಟೇಬಲ್ ಅಡಿಯ ಏಣುಗಳು ಎಲ್ಲಿವೆಯೆಂದು ಬಗ್ಗಿ ನೋಡಿಕೊಂಡರಾಯಿತು. ಹೆದರಬೇಕಾದದ್ದು ತೂಕಕ್ಕೆ. 1 ಎಚ್‌ಪಿ ಫೀಡರ್ 50 ಕಿಲೋ ಮೀರುತ್ತದೆ, ಅದೂ ಟೇಬಲ್‌ನ ಒಂದು ಮೂಲೆಯಲ್ಲಿ ತೋಳು ಚಾಚಿ ನಿಲ್ಲುತ್ತದೆ. ಹಗುರ ಶೇಪರ್ ವಾಲಿಬಿಡಬಹುದು. ಅಂಥದ್ದಕ್ಕೆ ಚಿಕ್ಕ ಫೀಡರ್ ಸಾಕು, ಇಲ್ಲವೇ ಯಂತ್ರವನ್ನು ನೆಲಕ್ಕೆ ಬೋಲ್ಟ್ ಮಾಡಬೇಕು.

ಸ್ವಿಚ್ಚಿನ ಕ್ರಮವೂ ಮುಖ್ಯ. ಕಟರ್ ಪೂರ್ತಿ ವೇಗಕ್ಕೆ ಬಂದ ಮೇಲೆ ಫೀಡರ್ ಹಾಕಿ, ಆರಿಸುವಾಗ ಮೊದಲು ಫೀಡರ್, ಆಮೇಲೆ ಕಟರ್. ಕಟರ್ ನಿಂತರೆ ಫೀಡರೂ ತಾನಾಗಿ ನಿಲ್ಲುವಂತೆ ಎಲೆಕ್ಟ್ರಿಷಿಯನ್ ಕೈಯಲ್ಲಿ ವೈರಿಂಗ್ ಮಾಡಿಸಿದರೆ ಇನ್ನೂ ಒಳ್ಳೆಯದು. ಮರ ನಡುವೆ ಸಿಕ್ಕಿಕೊಂಡರೆ ಎರಡನ್ನೂ ಆರಿಸಿ. ಕಟರ್ ಪೂರ್ತಿ ನಿಲ್ಲುವ ತನಕ ಫೀಡರನ್ನು ಮೇಲೆತ್ತಬೇಡಿ.