ನೆತ್ತರಿನ ಸಾಕ್ಷ್ಯ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಊರೆಂದರೆ ಒತ್ತಾಗಿ ಸೇರಿದ ಮನೆಗಳ ಗುಂಪಲ್ಲ. ಅಡಿಕೆ ತೋಟದ ಅಂಚಿನಲ್ಲೊಂದು ಮನೆ, ಗುಡ್ಡ ದಾಟಿದರೆ ಇನ್ನೊಂದು. ನಡುವೆ ಸೊಪ್ಪಿನ ಬೆಟ್ಟ, ಹಳ್ಳ, ಕಾಡು. ಇಂಥ ಮನೆಯಲ್ಲಿ ನಡುರಾತ್ರಿ ಹಿರಿಯರೊಬ್ಬರಿಗೆ ಎದೆ ಬಿಗಿದು ಮೈ ಬೆವರಿದರೆ ಮನೆಯವರಿಗೆ ಮೊದಲು ನೆನಪಾಗುವುದು ಪಿತ್ತ, ಇಲ್ಲವೆ ವಾಯು. ಜೀರಿಗೆಯ ಕಷಾಯವೋ ಮುರುಗಲಿನ ಪಾನಕವೋ ಸಿದ್ಧವಾಗುತ್ತದೆ. ಬೆಳಗಾಗಲಿ, ನೋಡೋಣ ಎಂಬ ಮಾತು ಬರುತ್ತದೆ. ಎಷ್ಟೋ ಸಲ ಅದು ನಿಜವಾಗಿಯೂ ಪಿತ್ತವೇ ಆಗಿರುತ್ತದೆ. ಕೆಲವು ಸಲ ಹೃದಯಾಘಾತವಾಗಿರುತ್ತದೆ. ಹೊರಗಿನ ಲಕ್ಷಣಗಳಿಂದಲೇ ಇವೆರಡನ್ನು ಬೇರ್ಪಡಿಸುವುದು ನುರಿತ ವೈದ್ಯರಿಗೂ ಸುಲಭವಲ್ಲ. ಅವರಿಗೆ ನೆರವಾಗುವ ಸಾಕ್ಷ್ಯಗಳಲ್ಲೊಂದು ರೋಗಿಯ ನೆತ್ತರಿನಲ್ಲಿಯೇ ಅಡಗಿದೆ.

ಹೃದಯವು ಬಿಡುವಿಲ್ಲದೆ ದುಡಿಯುವ ಸ್ನಾಯು. ಅದಕ್ಕೇ ಆಹಾರ, ಆಮ್ಲಜನಕಗಳನ್ನು ಒಯ್ಯುವ ಧಮನಿಯೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದರೆ, ಆ ಧಮನಿಯನ್ನು ನಂಬಿದ ಜೀವಕೋಶಗಳು ಸಾಯತೊಡಗುತ್ತವೆ. ಸತ್ತ ಕೋಶದ ಹೊದಿಕೆ ಒಡೆದು ಒಳಗಿನ ದ್ರವ್ಯಗಳು ರಕ್ತಕ್ಕೆ ಸೋರುತ್ತವೆ. ಹೀಗೆ ರೋಗದ ಸುಳಿವು ಕೊಡುವ ದ್ರವ್ಯಗಳಿಗೆ ಜೈವಿಕ ಸೂಚಕಗಳೆಂದು ಹೆಸರು.

ಆದರೆ ಸೋರಿದ ದ್ರವ್ಯ ಹೃದಯದ್ದೇ ಎಂದು ತಿಳಿಯುವುದು ಹೇಗೆ? ವಿಜ್ಞಾನಿಗಳು ಬಹುಕಾಲ ತೊಡಕಿಗೆ ಸಿಲುಕಿದ್ದು ಇಲ್ಲಿಯೇ. 1954ರಲ್ಲಿ ನ್ಯೂಯಾರ್ಕಿನ ಕಾರ್ಮೆನ್, ಲಾಡ್ಯೂ, ರೊಬ್ಲೆವ್ಸ್ಕಿ ಎಂಬವರು ಹೃದಯಾಘಾತವಾದವರ ರಕ್ತದಲ್ಲಿ ಎಸ್.ಜಿ.ಓ.ಟಿ. ಎಂಬ ಕಿಣ್ವವು ಏರುವುದನ್ನು ತೋರಿಸಿದರು. ಆದರೆ ಆ ಕಿಣ್ವ ಯಕೃತ್ತಿನಲ್ಲಿಯೂ ಉಂಟು. ಕಾಮಾಲೆಯಾದವನಿಗೂ ಅದು ಏರುತ್ತದೆ. ಮುಂದೆ ಬಳಕೆಗೆ ಬಂದ ಕ್ರಿಯಾಟಿನ್ ಕೈನೇಸ್ ಕೈಕಾಲುಗಳ ಸ್ನಾಯುಗಳಲ್ಲಿ ಹೇರಳವಾಗಿದೆ. ದಿನವಿಡೀ ಮರದಿಂದ ಮರಕ್ಕೆ ದಾಟಿ ಅಡಿಕೆ ಕೊಯ್ದ ಕೊನೆಗೌಡನ ರಕ್ತದಲ್ಲಿ, ಅವನ ಹೃದಯ ಗಟ್ಟಿಮುಟ್ಟಾಗಿದ್ದರೂ, ಅದು ಹೆಚ್ಚಿರಬಹುದು. ಮೈಮುರಿದು ದುಡಿಯುವವರ ನಾಡಿಗೆ ಇಂಥ ಪರೀಕ್ಷೆ ಅಷ್ಟೇನೂ ಒಗ್ಗುವಂಥದಲ್ಲ.

ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದ್ದು ಟ್ರೋಪೋನಿನ್. ಸ್ನಾಯುವಿನ ಸಂಕೋಚನವನ್ನು ನಿಯಂತ್ರಿಸುವ ಈ ಪ್ರೋಟೀನನ್ನು 1960ರ ದಶಕದಲ್ಲಿ ಜಪಾನಿನ ಸೆಟ್ಸುರೊ ಎಬಾಶಿ ಮತ್ತು ಅವರ ಸಂಗಡಿಗರು ಗುರುತಿಸಿದರು. ಹೃದಯದ ಟ್ರೋಪೋನಿನ್ ಕೈಕಾಲುಗಳ ಟ್ರೋಪೋನಿನ್‌ಗಿಂತ ರಚನೆಯಲ್ಲಿ ಭಿನ್ನವಾದುದು. ಆ ಭೇದವನ್ನೇ ಹಿಡಿದು ಜರ್ಮನಿಯ ಹ್ಯೂಗೊ ಕಾಟುಸ್ ಮತ್ತು ಅವರ ಸಂಗಡಿಗರು 1989ರಲ್ಲಿ ರಕ್ತಪರೀಕ್ಷೆಯೊಂದನ್ನು ಪ್ರಕಟಿಸಿದರು. ಇಂದಿನ ಸೂಕ್ಷ್ಮ ಪರೀಕ್ಷೆಗಳು ಅಳೆಯುವ ಪ್ರಮಾಣ ಬೆರಗು ಹುಟ್ಟಿಸುವಂಥದು. ಟ್ರೋಪೋನಿನ್-ಟಿ ಎಂಬ ಬಗೆಗೆ ಸಾಮಾನ್ಯವಾಗಿ ಬಳಸುವ ಮಿತಿ ಒಂದು ಲೀಟರಿಗೆ 14 ನ್ಯಾನೊಗ್ರಾಂ. ಅಂದರೆ 7 ಕೋಟಿ ಲೀಟರ್ ನೀರು ಹಿಡಿಯುವ ಕೆರೆಯಲ್ಲಿ ಒಂದೇ ಒಂದು ಗ್ರಾಂ ಕದಡಿದಷ್ಟು!

ಇಷ್ಟು ಸೂಕ್ಷ್ಮವಾದ ಪರೀಕ್ಷೆಗೂ ಕಾಲದ ಕಟ್ಟು ತಪ್ಪಿಲ್ಲ. ಕೋಶಗಳು ಸತ್ತು, ಟ್ರೋಪೋನಿನ್ ಸೋರಿ, ಅಳತೆಗೆ ಸಿಗುವಷ್ಟಾಗಲು ಸೂಕ್ಷ್ಮ ಪರೀಕ್ಷೆಗೂ ಒಂದೆರಡು ತಾಸು ಬೇಕಾಗಬಹುದು. ಹಳೆಯ ಬಗೆಯ ಪರೀಕ್ಷೆಗಳಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಇದರಿಂದ ವಿಚಿತ್ರವೊಂದು ಉಂಟಾಗುತ್ತದೆ. ಶಿರಸಿ ಪೇಟೆಯಲ್ಲೇ ಇದ್ದು ಅರ್ಧ ತಾಸಿನೊಳಗೆ ಆಸ್ಪತ್ರೆ ಸೇರಿದವನ ರಕ್ತ ಏನನ್ನೂ ಹೇಳದೆ ಸುಮ್ಮನಿರಬಹುದು. ದೂರದ ಹಳ್ಳಿಯಿಂದ ಐದು ತಾಸು ತಡವಾಗಿ ಬಂದವನ ರಕ್ತ ಸ್ಪಷ್ಟವಾಗಿ ನುಡಿಯಬಹುದು. ಆದರೆ ಆ ಸ್ಪಷ್ಟತೆಗೆ ಅವನು ತೆತ್ತ ಬೆಲೆ ಹೃದಯದ ಸ್ನಾಯು. ಆದುದರಿಂದ ಮೊದಲ ವರದಿಯಲ್ಲಿ ಏನೂ ಕಾಣಲಿಲ್ಲವೆಂದು ರೋಗಿಯನ್ನು ಮನೆಗೆ ಕಳುಹಿಸಿಬಿಡುವಂತಿಲ್ಲ. ನೋವು ಈಗಷ್ಟೇ ಆರಂಭವಾಗಿದ್ದರೆ ಒಂದರಿಂದ ಮೂರು ತಾಸು ಬಿಟ್ಟು ಮತ್ತೆ ಪರೀಕ್ಷಿಸಬೇಕು. ಹಾಗೆಯೇ, ಧಮನಿ ಪೂರ್ಣ ಮುಚ್ಚಿದ ಗುರುತನ್ನು ಇ.ಸಿ.ಜಿ. ತೋರಿಸಿಬಿಟ್ಟರೆ ರಕ್ತದ ವರದಿಗಾಗಿ ಕಾಯುತ್ತ ಕೂರುವುದು ತಪ್ಪು. ಚಿಕಿತ್ಸೆ ಒಡನೆಯೇ ಆರಂಭವಾಗಬೇಕು. ಇ.ಸಿ.ಜಿ. ಸಂದೇಹದಲ್ಲಿ ನಿಲ್ಲಿಸಿದಾಗಲೇ ಟ್ರೋಪೋನಿನ್‌ಗೆ ನಿಜವಾದ ಬೆಲೆ.

ಈ ಸಂದೇಹ ಬಗೆಹರಿಯುವುದು ಘಟ್ಟದ ಮೇಲಿನವರಿಗೆ ದೊಡ್ಡ ಮಾತು. ಮುಚ್ಚಿದ ಧಮನಿಯನ್ನು ನಳಿಕೆ ತೂರಿಸಿ ತೆರೆಯುವ ಚಿಕಿತ್ಸೆಗಾಗಿ ಇಲ್ಲಿಯ ರೋಗಿಗಳು ಬಹುಕಾಲದಿಂದ ಹುಬ್ಬಳ್ಳಿ, ಶಿವಮೊಗ್ಗ, ಮಣಿಪಾಲಗಳತ್ತ ಸಾಗುತ್ತ ಬಂದಿದ್ದಾರೆ. ಹುಬ್ಬಳ್ಳಿ ಯಲ್ಲಾಪುರದಿಂದ ಸುಮಾರು 70, ಶಿರಸಿಯಿಂದ ಸುಮಾರು 100 ಕಿಲೋಮೀಟರು. ಸಿದ್ದಾಪುರದವರಿಗೆ ಶಿವಮೊಗ್ಗವೂ ಅಷ್ಟೇ ದೂರ. ಮಳೆಗಾಲದಲ್ಲಿ ದೇವಿಮನೆ, ಅರಬೈಲು ಘಟ್ಟಗಳಲ್ಲಿ ಮಣ್ಣು ಕುಸಿದರೆ ಕರಾವಳಿಯ ದಾರಿಯೂ ಕಟ್ಟಿಹೋಗುತ್ತದೆ. ಎರಡು ತಾಸಿನೊಳಗೆ ಅಂಥ ಆಸ್ಪತ್ರೆ ಮುಟ್ಟಲಾಗದಿದ್ದರೆ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಇದ್ದಲ್ಲಿಯೇ ಕೊಟ್ಟು ಕಳುಹಿಸುವುದು ಮೇಲೆಂದು ವೈದ್ಯಶಾಸ್ತ್ರ ಹೇಳುತ್ತದೆ. ಕರ್ನಾಟಕ ಸರ್ಕಾರವು 2023ರಲ್ಲಿ ಕೈಗೊಂಡ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತಿರುಳು ಇದೇ: ಚಿಕ್ಕ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಸಲಹೆ ನೀಡುವುದು, ಚುಚ್ಚುಮದ್ದನ್ನು ಉಚಿತವಾಗಿ ಒದಗಿಸುವುದು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿಯೇ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಒದಗಿಸಿ, ವಾಟ್ಸ್ಯಾಪ್ ಮೂಲಕ ಸಲಹೆ ನೀಡುವ ಏರ್ಪಾಡನ್ನು ಆರಂಭಿಸಿದ್ದರು.

ಟ್ರೋಪೋನಿನ್ ಏರಿದ್ದೆಲ್ಲ ಧಮನಿ ಮುಚ್ಚಿದುದರ ಗುರುತೂ ಅಲ್ಲ. ಗದ್ದೆ, ತೋಟಗಳ ಕೆಸರಿನಲ್ಲಿ ದುಡಿಯುವವರಿಗೆ ತಗಲುವ ಇಲಿಜ್ವರ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತದೆ, ಡೆಂಗಿಯೂ ಹಾಗೆಯೇ. ಮೂತ್ರಪಿಂಡ ಕೆಟ್ಟವರಲ್ಲಿ ಅದು ಸದಾ ಸ್ವಲ್ಪ ಏರಿಯೇ ಇರಬಹುದು. ಅದಕ್ಕಾಗಿ ವೈದ್ಯರು ಒಂದು ಸಂಖ್ಯೆಯನ್ನಲ್ಲ, ಸಂಖ್ಯೆಯ ಏರಿಳಿತವನ್ನು ನೋಡುತ್ತಾರೆ.

ಎದೆನೋವಿನಂತೆಯೇ ಉಬ್ಬಸಕ್ಕೂ ಎರಡು ಮುಖಗಳುಂಟು. ಇರುಳು ಮಲಗಿದೊಡನೆ ಉಸಿರು ಕಟ್ಟಿ ಎದ್ದು ಕೂರುವ ಮುದುಕನದು ಶ್ವಾಸಕೋಶದ ರೋಗವೊ, ಸೋತ ಹೃದಯವೊ? ಗೋಡೆ ಹಿಗ್ಗಿದ ಹೃದಯವು ಬಿ.ಎನ್.ಪಿ. ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲು ಕಂಡದ್ದು ಹಂದಿಯ ಮೆದುಳಿನಲ್ಲಿ. ಹೆಸರಿನಲ್ಲಿ ಮೆದುಳು ಇಂದಿಗೂ ಉಳಿದುಕೊಂಡಿದೆ! ಇದರ ಪ್ರಮಾಣ ಒಂದು ಮಿಲಿಲೀಟರಿನಲ್ಲಿ 100 ಪಿಕೊಗ್ರಾಮಿಗಿಂತ ಕಡಮೆಯಿದ್ದರೆ ಉಬ್ಬಸಕ್ಕೆ ಹೃದಯ ಕಾರಣವಾಗಿರುವ ಸಂಭವ ಕಡಮೆ. ಔಷಧಿ ಫಲಿಸಿ ಹೃದಯದ ಒತ್ತಡ ಇಳಿದಂತೆ ಈ ಪ್ರಮಾಣವೂ ಇಳಿಯುವುದರಿಂದ, ಚಿಕಿತ್ಸೆ ಸರಿದಾರಿಯಲ್ಲಿದೆಯೇ ಎಂದು ನೋಡುವುದಕ್ಕೂ ಇದು ಉಪಯುಕ್ತ. ಹೃದಯಾಘಾತದಿಂದ ಬದುಕಿ ಬಂದವರ ಕೆಟ್ಟ ಕೊಲೆಸ್ಟರಾಲನ್ನು 100 ಮಿಲಿಲೀಟರಿಗೆ 70 ಮಿಲಿಗ್ರಾಮಿಗಿಂತ, ಸಾಧ್ಯವಾದರೆ 55ಕ್ಕಿಂತ ಕೆಳಗಿಡಲು ವೈದ್ಯರು ಯತ್ನಿಸುತ್ತಾರೆ. ಅದರ ಪರೀಕ್ಷೆಗೆ ಹುಬ್ಬಳ್ಳಿಯವರೆಗೆ ಹೋಗಬೇಕಾಗಿಲ್ಲ. ಸಂತೆಗೆಂದು ಪೇಟೆಗೆ ಬಂದ ದಿನ ರಕ್ತ ಕೊಟ್ಟು, ಮುಂದಿನ ಸಂತೆಗೆ ವರದಿ ಪಡೆಯಬಹುದು.