ಕತ್ತಲೆಕಾನಿನ ನಾಲ್ಕು ಬೆರಳು ಮಣ್ಣು

ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಜೋಗದ ಕಡೆ ಘಾಟಿ ಹತ್ತಿದರೆ ಹೆದ್ದಾರಿಗೆ ಅಂಟಿಕೊಂಡೇ ಕತ್ತಲೆಕಾನು ಸಿಗುತ್ತದೆ. ಸಿದ್ದಾಪುರ ತಾಲ್ಲೂಕಿನ ನಿತ್ಯಹರಿದ್ವರ್ಣ ಕಾಡು. ಇಲ್ಲಿಗೆ ಬಂದವರು ಕತ್ತೆತ್ತಿ ಸಿಂಗಳೀಕ ಹುಡುಕುತ್ತಾರೆ. ನಾನು ಕುಕ್ಕರಗಾಲಲ್ಲಿ ಕೂತೆ. ಉಂಬಳಗಳಿಗೆ ಹಬ್ಬ.

ಮೇಲೆ ಮೊನ್ನೆ ಉದುರಿದ ಒಣ ಎಲೆ, ಅಂದರೆ ದರಕು, ಇನ್ನೂ ಗಡುಸು. ಸರಿಸಿದರೆ ಒದ್ದೆಯಾಗಿ ಅಂಚು ಸವೆದ ಎಲೆಗಳು. ಇನ್ನೂ ಕೆಳಗಿನವುಗಳಲ್ಲಿ ನರ ಮಾತ್ರ ಉಳಿದಿದೆ. ಒಂದೆಲೆಯಿಂದ ಇನ್ನೊಂದಕ್ಕೆ ಶಿಲೀಂಧ್ರದ ಬಿಳಿ ಎಳೆಗಳು ಹಬ್ಬಿವೆ. ಆಮೇಲೆ ಸಡಿಲವಾದ ಕಪ್ಪು ಮಣ್ಣು. ಮರದ ಸಪೂರ ಬೇರುಗಳು ಆಳಕ್ಕಿಳಿಯುವುದು ಬಿಟ್ಟು ಮೇಲಕ್ಕೇ ಬಂದು ಕೊಳೆಯುತ್ತಿರುವ ಎಲೆಗೆ ಅಂಟಿಕೊಂಡಿವೆ. ನಾಲ್ಕು ಬೆರಳು ಆಳ ದಾಟಿತೋ, ಶುರುವಾಯಿತು ಕೆಂಪು ಜಂಬಿಟ್ಟಿಗೆ.

ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಈ ಜಾತಿಯ ನೆಲಕ್ಕೇ. ಯುಗಯುಗಗಳ ಮಳೆ ಸುಣ್ಣ, ಪೊಟ್ಯಾಷ್, ಸಿಲಿಕಾವನ್ನೆಲ್ಲ ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂ ಉಳಿಸಿದೆ. ಇವುಗಳ ಕೈಗೆ ರಂಜಕ ಸಿಕ್ಕಿತೆಂದರೆ ಬೇರಿಗೆ ಬಿಟ್ಟುಕೊಡುವುದು ಕಷ್ಟ. ಕಾಡು ಇಷ್ಟು ದಟ್ಟವಾಗಿದೆ, ಹಾಗಾಗಿ ಮಣ್ಣು ಫಲವತ್ತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸತ್ವವೆಲ್ಲ ಮರದಲ್ಲಿದೆ, ಇಲ್ಲವೇ ಈ ತೆಳು ಪದರದಲ್ಲಿದೆ.

ಮರವೂ ಜಿಪುಣನೇ. ಎಲೆ ಉದುರಿಸುವ ಮೊದಲು ಅದರಲ್ಲಿನ ಸಾರಜನಕ, ರಂಜಕದ ಅರ್ಧದಷ್ಟನ್ನು ವಾಪಸ್ ಎಳೆದುಕೊಳ್ಳುತ್ತದೆ. ಪೊಟ್ಯಾಷ್‌ಗಂತೂ ಎಲೆ ಕೊಳೆಯುವವರೆಗೆ ಕಾಯುವ ತಾಳ್ಮೆಯಿಲ್ಲ, ಮಳೆ ಬಿದ್ದೊಡನೆ ತೊಳೆದು ಇಳಿಯುತ್ತದೆ. ಅದನ್ನು ತಡೆದು ಹೀರಲೆಂದೇ ಬೇರುಗಳು ಅಷ್ಟು ಮೇಲೆ ಕಾದಿರುವುದು. ರಂಜಕದ ಕೆಲಸ ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರದ್ದು. ಅದು ತಂದುಕೊಡುತ್ತದೆ, ಮರ ಸಕ್ಕರೆಯಲ್ಲಿ ಕೂಲಿ ಕೊಡುತ್ತದೆ. ಹುತ್ತದೊಳಗಿನ ಗೆದ್ದಲು ಇನ್ನೂ ಜಾಣ. ಒಣ ಎಲೆ, ಕಡ್ಡಿ ತಂದು ತಾನೇ ಶಿಲೀಂಧ್ರ ಬೆಳೆಸುತ್ತದೆ. ಮಳೆಗಾಲದಲ್ಲಿ ನಾವು ಆಸೆಪಟ್ಟು ಕಿತ್ತು ತಿನ್ನುವ ಹುತ್ತದ ಅಣಬೆ ಅದೇ ಬೇಸಾಯದ್ದು.

ಇಳಿಜಾರಿನ ಕೊನೆಗೆ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು. ವರ್ಷವಿಡೀ ಕೆಸರು. ಮರಗಳು ಉಸಿರಾಟಕ್ಕೆಂದು ಬೇರನ್ನು ಮಡಚಿದ ಮೊಣಕಾಲಿನಂತೆ ಮೇಲೆತ್ತಿವೆ. ನೀರಡಿಯಲ್ಲಿ ಗಾಳಿ ಸಾಲದೆ ಎಲೆ ನಿಧಾನ ಕೊಳೆಯುತ್ತದೆ, ಇಂಗಾಲ ಅಲ್ಲೇ ಕೂಡಿಕೊಳ್ಳುತ್ತದೆ.

ಅಲ್ಲಿಂದ ಸಿದ್ದಾಪುರದ ದಾರಿಯಲ್ಲಿ, ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಒಂದು ಸೊಪ್ಪಿನಬೆಟ್ಟ ಹೊಕ್ಕೆ. ಮರಗಳಿವೆ, ನೆಲ ಮಾತ್ರ ಗುಡಿಸಿದ ಅಂಗಳ. ಕಪ್ಪು ಪದರವೇ ಇಲ್ಲ, ಕಾಲಿಗೆ ನೇರ ಜಲ್ಲಿಕಲ್ಲು. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯವಿತ್ತು. ಒಂದೆಕರೆಯ ಹಸಿವಿಗೆ ಒಂಬತ್ತು ಎಕರೆ! ಸೊಪ್ಪು, ದರಕು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ತೋಟಕ್ಕೆ. ಬೆಟ್ಟಕ್ಕೆ ಏನೂ ವಾಪಸ್ ಬರುವುದಿಲ್ಲ. ಈ ಪದ್ಧತಿಯೇ ತಪ್ಪು ಎನ್ನಲಾರೆ; ಬೆಟ್ಟ ಉಳಿದದ್ದೂ ತೋಟದವರು ಕಾಯ್ದದ್ದಕ್ಕೇ. ಬೆಂಕಿಗಿಂತ ಇದು ಸಾವಿರ ಪಾಲು ಮೇಲು. ಬೆಂಕಿ ಬಿದ್ದರೆ ಸಾರಜನಕ ಗಾಳಿಪಾಲು, ಬೂದಿ ಹೊಳೆಪಾಲು.

ಬೆಟ್ಟ ಇರುವವರಲ್ಲಿ ಒಂದೇ ವಿನಂತಿ: ಒಂದು ಮಗ್ಗುಲು ಬಾಚಿದ ವರ್ಷ ಇನ್ನೊಂದು ಮಗ್ಗುಲು ಬಿಡಿ. ಬಾಚುವಲ್ಲೂ ಮೇಲಿನ ಒಣ ದರಕು ಮಾತ್ರ ತನ್ನಿ, ಕಪ್ಪು ಕಂಡಲ್ಲಿ ಕೈ ನಿಲ್ಲಿಸಿ.