ಮೂರು ಗೀರು, ಒಂದು ಗುಟ್ಟು

ಪೂಜೆ ಮುಗಿಸಿ ಏಳುವ ಅಜ್ಜಿ ಗೋಡೆಯ ಆಸರೆ ಹುಡುಕುತ್ತಾರೆ. ಮಹಡಿಯ ಮೆಟ್ಟಿಲುಗಳನ್ನು ಕಂಡು ನಿವೃತ್ತ ಗುಮಾಸ್ತರು ನಿಟ್ಟುಸಿರು ಬಿಡುತ್ತಾರೆ. ಮೊಣಕಾಲಿನ ಕೀಲು ಸವೆತವನ್ನು ಕಾಣದ ಮನೆ ಅಪರೂಪ. ಎಲುಬುಗಳ ತುದಿಯನ್ನು ಹೊದಿಸಿರುವ ನುಣುಪಾದ ಮೃದ್ವಸ್ಥಿಯು ಕಾಲಕ್ರಮದಲ್ಲಿ ಒರಟಾಗಿ ತೆಳುವಾಗುತ್ತದೆ. ಅದನ್ನು ಮೊದಲಿನಂತೆ ಬೆಳೆಸಿಕೊಡುವ ಔಷಧ ಇಂದಿಗೂ ಇಲ್ಲ. ಮದ್ದಿಲ್ಲದ ರೋಗಕ್ಕೆ ಚಿಕಿತ್ಸೆಗಳು ಹಲವಾಗುವುದು ಲೋಕರೂಢಿ. ಅವುಗಳಲ್ಲಿ ಯಾವುದು ಗುಣ, ಯಾವುದು ಬರಿಯ ನಂಬಿಕೆ? ಅದನ್ನು ತಿಳಿಯುವುದಕ್ಕಾಗಿ ತಮ್ಮ ಕಾಲನ್ನೇ ಒಡ್ಡಿದ 180 ಮಂದಿಯ ವೃತ್ತಾಂತವಿದು.

1990ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಶಸ್ತ್ರಚಿಕಿತ್ಸೆ ಬಹು ಜನಪ್ರಿಯವಾಗಿತ್ತು. ಮೊಣಕಾಲಿನಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಆರ್ತ್ರೋಸ್ಕೋಪ್ ಎಂಬ ತೆಳುವಾದ ದರ್ಶಕವನ್ನು ತೂರಿಸಿ, ಉಪ್ಪುನೀರಿನಿಂದ ಕೀಲನ್ನು ತೊಳೆಯುವುದು. ಒರಟಾದ ಭಾಗವನ್ನು ಹೆರೆದು ನಯಮಾಡುವುದು. ವರ್ಷಕ್ಕೆ ಆರೂವರೆ ಲಕ್ಷಕ್ಕೂ ಮಿಕ್ಕು ನಡೆಯುತ್ತಿದ್ದ ಈ ಚಿಕಿತ್ಸೆಗೆ ತಲಾ ಸುಮಾರು 5,000 ಡಾಲರು ವೆಚ್ಚ. ಮಾಡಿಸಿಕೊಂಡವರಲ್ಲಿ ಅನೇಕರು ನೋವು ತಗ್ಗಿತೆಂದೇ ಹೇಳುತ್ತಿದ್ದರು. ಏಕೆ ತಗ್ಗಿತೆಂಬುದನ್ನು ಮಾತ್ರ ಯಾರೂ ಖಚಿತವಾಗಿ ಹೇಳಲಾರದವರಾಗಿದ್ದರು.

ಟೆಕ್ಸಾಸಿನ ಹ್ಯೂಸ್ಟನ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಡಾಕ್ಟರ್ ಬ್ರೂಸ್ ಮೋಸ್ಲಿ ಎಂಬ ಮೂಳೆವೈದ್ಯರಿದ್ದರು. ತೊಳೆಯುವುದು ಮೇಲೋ, ಹೆರೆಯುವುದು ಮೇಲೋ ಎಂದು ಹೋಲಿಸಿ ನೋಡುವುದು ಅವರ ಇಚ್ಛೆ. ಸಹೋದ್ಯೋಗಿ ಡಾಕ್ಟರ್ ನೆಲ್ಡಾ ರೇ ಅವರು ಮತ್ತೊಂದು ಸಂದೇಹವನ್ನು ಮುಂದಿಟ್ಟರು: ಗುಣ ಕೊಟ್ಟದ್ದು ಶಸ್ತ್ರವೋ, ಶಸ್ತ್ರದ ಮೇಲಿನ ವಿಶ್ವಾಸವೋ? ಮಾತ್ರೆಯಾದರೆ ಸಕ್ಕರೆಯ ಗುಳಿಗೆಯೊಡನೆ ಹೋಲಿಸಬಹುದು. ಶಸ್ತ್ರಚಿಕಿತ್ಸೆಯನ್ನು ಹೋಲಿಸಬೇಕಾದರೆ ಹುಸಿ ಶಸ್ತ್ರಚಿಕಿತ್ಸೆಯೇ ಬೇಕು!

ಮೊದಲು ಹತ್ತೇ ಮಂದಿಯೊಡನೆ ಒಂದು ಸಣ್ಣ ಪ್ರಯೋಗ ನಡೆಯಿತು. ಆಮೇಲೆ 1995ರಿಂದ 1998ರವರೆಗೆ ದೊಡ್ಡ ಅಧ್ಯಯನಕ್ಕೆ ಜನರನ್ನು ಸೇರಿಸಿಕೊಂಡರು. ಅರ್ಹರಾದವರು 324 ಮಂದಿ. ಅವರಿಗೆ ಏನನ್ನೂ ಮರೆಮಾಚಲಿಲ್ಲ. ತನಗೆ ದೊರೆಯುವುದು ಬರಿಯ ಹುಸಿ ಚಿಕಿತ್ಸೆಯಾಗಿರಬಹುದು, ಹಾಗಾದಲ್ಲಿ ಕೀಲನ್ನು ಯಾರೂ ಮುಟ್ಟುವುದಿಲ್ಲ, ಅದರಿಂದ ಸವೆತಕ್ಕೆ ಪ್ರಯೋಜನವಿಲ್ಲ ಎಂಬುದನ್ನು ಪ್ರತಿಯೊಬ್ಬ ರೋಗಿಯೂ ತನ್ನ ದಾಖಲೆಯಲ್ಲಿ ಸ್ವಹಸ್ತದಿಂದ ಬರೆದುಕೊಡಬೇಕಾಗಿತ್ತು. 144 ಮಂದಿ ಬೇಡವೆಂದು ಹಿಂದಿರುಗಿದರು. ಅವರನ್ನು ಹೇಡಿಗಳೆನ್ನಲು ಯಾರಿಗೂ ಬಾಯಿಬಾರದು. ಬೇಡವೆನ್ನುವ ಹಕ್ಕಿಲ್ಲದ ಕಡೆ ಒಪ್ಪಿಗೆಗೆ ಬೆಲೆಯೆಲ್ಲಿಯದು? ಉಳಿದ 180 ಮಂದಿ ಒಪ್ಪಿ ಬರೆದುಕೊಟ್ಟರು.

ಯಾರಿಗೆ ಯಾವ ಚಿಕಿತ್ಸೆ ಎಂಬುದು ಮೊಹರು ಹಾಕಿದ ಲಕೋಟೆಯಲ್ಲಿ ಅಡಗಿತ್ತು. ರೋಗಿ ಶಸ್ತ್ರಚಿಕಿತ್ಸೆಯ ಕೊಠಡಿಗೆ ಬಂದ ಬಳಿಕವೇ ಅದು ವೈದ್ಯರ ಕೈ ಸೇರುವುದು. ಹುಸಿಯ ಪಾಲಿಗೆ ಬಂದವರು 60 ಮಂದಿ. ಅವರಿಗೆ ಮಂಪರು ಬರಿಸುವ ಮದ್ದು ಕೊಟ್ಟು, ಮೊಣಕಾಲಿನ ಮೇಲೆ ಒಂದೊಂದು ಸೆಂಟಿಮೀಟರಿನ ಮೂರು ಗೀರು ಹಾಕುತ್ತಿದ್ದರು. ಮುಂದೆ ನಡೆಯುತ್ತಿದ್ದುದು ಅಪ್ಪಟ ನಾಟಕ! ವೈದ್ಯರು ಒಂದೊಂದೇ ಉಪಕರಣವನ್ನು ಕೇಳುವರು. ಕಾಲನ್ನು ಮಡಿಸಿ ನೀಡುವರು. ತೊಳೆಯುವ ಸದ್ದು ಕೇಳಿಸಲೆಂದು ನೀರನ್ನು ಚಿಮುಕಿಸುವರು. ನಿಜವಾದ ಚಿಕಿತ್ಸೆಗೆ ಹಿಡಿಯುವಷ್ಟೇ ಹೊತ್ತು ಕಳೆದ ಮೇಲೆ ರೋಗಿಯನ್ನು ಹೊರಗೆ ತರುವರು. ರಾತ್ರಿ ಆರೈಕೆ ಮಾಡುವ ದಾದಿಯರಿಗೂ ಗುಟ್ಟು ತಿಳಿಯದು. ಎರಡು ವಾರಗಳ ಅನಂತರ ವಿಚಾರಿಸಿದಾಗ, ತಮಗಾದದ್ದು ಹುಸಿಯಿರಬೇಕೆಂದು ಊಹಿಸಿದವರ ಪ್ರಮಾಣ ಹುಸಿ ತಂಡದಲ್ಲಿಯೂ ಉಳಿದೆರಡು ತಂಡಗಳಲ್ಲಿಯೂ ಹೆಚ್ಚು ಕಡಮೆ ಒಂದೇ: ನೂರಕ್ಕೆ ಹದಿಮೂರು, ಹದಿನಾಲ್ಕು.

ಎರಡು ವರ್ಷಗಳ ಕಾಲ ಅವರ ನೋವನ್ನೂ, ನಡೆಯುವ, ಮೆಟ್ಟಿಲು ಹತ್ತಿಳಿಯುವ ವೇಗವನ್ನೂ ಅಳೆದರು. ಫಲಿತಾಂಶ 2002ರ ಜುಲೈಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೂರರ ಅಳತೆಯಲ್ಲಿ ಎರಡು ವರ್ಷದ ಕೊನೆಯ ನೋವು ಹುಸಿ ತಂಡಕ್ಕೆ 51.6, ತೊಳೆದವರಿಗೆ 53.7, ಹೆರೆದವರಿಗೆ 51.4. ಗಮನಾರ್ಹವಾದ ಅಂತರವೇ ಇಲ್ಲ!

ಮೂಳೆವೈದ್ಯರಲ್ಲಿ ಹಲವರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ರೋಗಿಗಳಲ್ಲಿ ಬಹುತೇಕರು ಗಂಡಸರು, ಆಸ್ಪತ್ರೆ ಒಂದೇ, ಕೈಯೂ ಒಬ್ಬರದೇ ಎಂಬ ಆಕ್ಷೇಪಗಳು ಬಂದುವು. ಅವು ಅಲ್ಲಗಳೆಯತಕ್ಕವಲ್ಲ. ಆದರೆ 2008ರಲ್ಲಿ ಕೆನಡಾದ ಇನ್ನೊಂದು ಅಧ್ಯಯನವೂ ವ್ಯಾಯಾಮ ಹಾಗೂ ಔಷಧಗಳಿಗಿಂತ ಈ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ಲಾಭವಿಲ್ಲವೆಂದೇ ಕಂಡುಕೊಂಡಿತು. ಅಷ್ಟರೊಳಗೆ ಅಮೆರಿಕದ ವೃದ್ಧರ ಸರಕಾರಿ ವಿಮೆಯಾದ ಮೆಡಿಕೇರ್, ಬರಿಯ ಕೀಲು ಸವೆತಕ್ಕಾಗಿ ತೊಳೆಯುವ ಚಿಕಿತ್ಸೆಗೆ ಹಣ ಕೊಡುವುದನ್ನು ನಿಲ್ಲಿಸಿತ್ತು.

ನಮ್ಮಲ್ಲಿಯೂ ಮೊಣಕಾಲು ನೋವಿನ ಅಧ್ಯಯನಗಳಿಗೆ ರೋಗಿಗಳನ್ನು ಕರೆಯುವುದುಂಟು. ಔಷಧಗಳ ಪ್ರಯೋಗವನ್ನು ಆರಂಭಕ್ಕೆ ಮುನ್ನವೇ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಅದನ್ನು ಯಾರು ಬೇಕಾದರೂ ತೆರೆದು ಓದಬಹುದು. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಅನುಮತಿ ಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಲ್ಲಬೇಕು. ಸೇರಿದವರು ಯಾವಾಗ ಬೇಕಾದರೂ ಹೊರಬರಬಹುದು. ಅದರಿಂದ ಅವರ ಎಂದಿನ ಚಿಕಿತ್ಸೆಗೆ ಭಂಗ ಬರಕೂಡದು. ಒಪ್ಪಿಗೆಯ ಪತ್ರವು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡ ಮಾತ್ರ ಬಲ್ಲ ಅಜ್ಜಿಯ ಮುಂದೆ ಇಂಗ್ಲಿಷ್ ಕಾಗದವನ್ನು ಚಾಚಿ ಹೆಬ್ಬೆಟ್ಟು ಕೇಳುವಂತಿಲ್ಲ. ಸಹಿ ಹಾಕಿದ ಪತ್ರದ ಒಂದು ಪ್ರತಿಯನ್ನು ಆಕೆಯ ಕೈಗೂ ಕೊಡಬೇಕು.